ಬೆಣ್ಣೆ ಸವರಿದ ಅಚ್ಚುಗಳು

ನವೆಂಬರ್ 9, 2005, ಬುಧವಾರ

ಕೆಳಗಿನ ಮನೆಯ ಮಾಶಿಮಾ ಇವತ್ತು ಒಂದು ಗೋಣಿಚೀಲ ತಂದು ನಮ್ಮ ಬಾಗಿಲಲ್ಲಿ ಇಟ್ಟರು. ಒಳಗೆ ಕೇಕು, ಪೇಸ್ಟ್ರಿ ಬೇಯಿಸುವ ತವರದ ಅಚ್ಚುಗಳು. ದೊಡ್ಡವು, ಅಂಗೈಯಷ್ಟು ಸಣ್ಣವು, ಅಂಚಿಗೆ ನಿರಿಗೆ ಇರುವವು. ಬಹುಪಾಲು ತುಕ್ಕು ಹಿಡಿದಿವೆ. ಮೊಣಕಾಲು ನೋವು ಹೆಚ್ಚಾಗಿ ಅವರಿಗೆ ಇನ್ನು ಓವನಿನ ಮುಂದೆ ನಿಲ್ಲಲು ಆಗುವುದಿಲ್ಲವಂತೆ. "ನಿನ್ನ ಮಗಳು ಮನೆಯಲ್ಲೇ ಇರುತ್ತಾಳಲ್ಲ ಬೌಮಾ, ಇಬ್ಬರೂ ಸೇರಿ ಏನಾದರೂ ಮಾಡಿ," ಎಂದರು. ಬಂಗಾಳಿಯಲ್ಲಿ ನನ್ನನ್ನು ಅವರು ಸೊಸೆ ಎಂಬ ಅರ್ಥದಲ್ಲಿ ಬೌಮಾ ಎಂದೇ ಕರೆಯುವುದು, ನಾವು ಅವರನ್ನು ಚಿಕ್ಕಮ್ಮ ಎಂಬ ಅರ್ಥದಲ್ಲಿ ಮಾಶಿಮಾ ಎಂದು. ಮನೆಯಲ್ಲೇ ಇರುತ್ತಾಳಂತೆ! ರಜೆಗೆ ಬಂದವರ ಬಗ್ಗೆ ಹೇಳುವ ಹಾಗೆ.

ಮೊಟ್ಟೆ ಮುಟ್ಟದ ಮನೆಯಲ್ಲಿ ಕೇಕಿನ ಅಚ್ಚು ಇಟ್ಟುಕೊಂಡು ನಾನೇನು ಮಾಡಲಿ? ಆದರೂ ಬೇಡ ಅನ್ನಲು ಬಾಯಿ ಬರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಪಕ್ಕ ಬಂದು ಕೂತವರು ಈ ಇಡೀ ಕಟ್ಟಡದಲ್ಲಿ ಅವರೊಬ್ಬರೇ.

ಆಗಿನಿಂದ ಈ ದಿನಚರಿಯನ್ನು ಮುಟ್ಟಿರಲಿಲ್ಲ. ಬರೆಯದೆ ಬಿಟ್ಟದ್ದನ್ನು ಒಮ್ಮೆ ಬರೆದುಬಿಡುತ್ತೇನೆ. ಜೂನ್ ತಿಂಗಳ ಒಂದು ಬೆಳಿಗ್ಗೆ, ಸೆಕ್ಟರ್ ಫೈವ್‌ನ ಕಾಲ್ ಸೆಂಟರಿನಲ್ಲಿ ಪಾಳಿ ಮುಗಿಸಿ ಚಿನ್ಮಯಿ ಕಂಪನಿಯ ಕಾರಿನಲ್ಲಿ ಮನೆಗೆ ಬರುತ್ತಿದ್ದಳು. ಬೈಪಾಸಿನಲ್ಲಿ ನಿಂತಿದ್ದ ಲಾರಿಗೆ ಕಾರು ಹಿಂದಿನಿಂದ ಗುದ್ದಿತು. ಡ್ರೈವರ್ ತೂಕಡಿಸಿದ್ದನಂತೆ. ಅವನ ಕೈ ಮುರಿಯಿತು. ನನ್ನ ಮಗಳ ಎರಡೂ ಕಣ್ಣು ಹೋದವು. ಕಣ್ಣಿನ ಹಿಂದಿನ ನರ ಸತ್ತಿದೆ, ನೋಟ ಮತ್ತೆ ಬರುವುದಿಲ್ಲ ಎಂದು ತೋರಿಸಿದ ಡಾಕ್ಟರುಗಳೆಲ್ಲ ಹೇಳಿದರು. ಅವಳಿಗಿನ್ನೂ ಇಪ್ಪತ್ತನಾಲ್ಕು.

ಅವಳಿಗೆ ಸ್ನಾನ ಮಾಡಿಸುತ್ತೇನೆ, ತಲೆ ಬಾಚುತ್ತೇನೆ, ತುತ್ತು ಮಾಡಿ ಬಾಯಿಗಿಡುತ್ತೇನೆ. ಕೊಟ್ಟಷ್ಟು ತಿಂದು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ನಾನು ಇದ್ದೇನಲ್ಲ, ಅವಳು ಏನೂ ಮಾಡಬೇಕಾಗಿಲ್ಲ.

ಚೀಲವನ್ನು ಬಾಲ್ಕನಿಗೆ ತಳ್ಳಿದೆ.

ನವೆಂಬರ್ 12, ಶನಿವಾರ

ಬಟ್ಟೆ ಒಣಹಾಕುವಾಗ ಕಾಲು ತಾಗಿ ಚೀಲ ಉರುಳಿತು. ಅಚ್ಚುಗಳೆಲ್ಲ ಸದ್ದು ಮಾಡುತ್ತ ಬಾಲ್ಕನಿಯ ತುಂಬ ಹರಡಿಕೊಂಡವು. ಒಳಗಿನಿಂದ ಚಿನ್ಮಯಿ, "ಅಮ್ಮ, ಏನದು?" ಎಂದಳು.

ಅವಳು ತಾನಾಗಿ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. "ಏನಿಲ್ಲ, ಹಳೀ ಡಬ್ಬಿ," ಎಂದೆ. ಇವರು ಸುಮ್ಮನಿರಬೇಕಲ್ಲ. ಪೇಪರು ಬಿಟ್ಟು ಎದ್ದರು, ಒಂದು ಅಚ್ಚು ಆರಿಸಿಕೊಂಡು ಹೋಗಿ ಅವಳ ತೊಡೆಯ ಮೇಲಿಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿದಳು.

"ಅಪ್ಪ, ಇದರ ಎಡ್ಜ್ ಸೀರಿ ನಿರಿಗಿ ಹಂಗ ಅದ."

"ಹೌದವಾ. ಒಳಗ ನೋಡು."

"ನೋಡು" ಅನ್ನುವುದು ಬಾಯಿಂದ ಬಿದ್ದದ್ದೇ ಇವರ ಮುಖ ಸಣ್ಣದಾಯಿತು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಳಗೆಲ್ಲ ಬೆರಳಾಡಿಸಿ, "ಇಲ್ಲೆ ರಸ್ಟ್. ಇಲ್ಲೆ ಸಾಫ್ ಅದ. ಮತ್ತ ಇಲ್ಲೆ ರಸ್ಟ್," ಎಂದಳು.

ತುಕ್ಕು ಚುಚ್ಚಿ ನಂಜಾದರೆ ಏನು ಗತಿ? ನಾನು ಅವಳ ಕೈಯಿಂದ ಅಚ್ಚು ತೆಗೆದುಕೊಂಡು ಕೈ ತೊಳೆಸಿದೆ. ಇವರು ನನ್ನನ್ನು ಒಂದು ಥರ ನೋಡಿದರು.

ನವೆಂಬರ್ 20, ಭಾನುವಾರ

ನನ್ನ ಮಾತು ಈ ಮನೆಯಲ್ಲಿ ಯಾರು ಕೇಳುತ್ತಾರೆ? ಇವರು ರೈಲ್ವೆ ಆಫೀಸಿನಿಂದ ಬರುವಾಗ ಒಂದು ಕರೆಂಟಿನ ಓವನ್ ಹೊತ್ತು ತಂದಿದ್ದಾರೆ. ಬೆಳಿಗ್ಗೆಯಿಂದ ಅಪ್ಪ ಮಗಳು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ತುಕ್ಕು ತಿಕ್ಕಿದ್ದೇ ತಿಕ್ಕಿದ್ದು. ಮಾಶಿಮಾ ಬೆತ್ತದ ಕುರ್ಚಿಯ ಮೇಲೆ ಕೂತು ಒಂದೊಂದಾಗಿ ಹೇಳಿಕೊಟ್ಟರು. ಆಲೂಗಡ್ಡೆಯನ್ನು ಅರ್ಧ ಹೋಳು ಮಾಡಿ ಉಪ್ಪಿನಲ್ಲಿ ಅದ್ದಿ ತುಕ್ಕಿನ ಮೇಲೆ ಉಜ್ಜಬೇಕು. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಪಸೆ ಉಳಿಯದ ಹಾಗೆ ಆಗಲೇ ಓವನಿನಲ್ಲಿ ಕಾಯಿಸಬೇಕು. ಆಮೇಲೆ ಎಣ್ಣೆ ಬಟ್ಟೆಯಿಂದ ತೆಳ್ಳಗೆ ಒರೆಸಿ, ಏನೂ ತುಂಬದೆ ಬರಿದೇ ಇನ್ನೊಮ್ಮೆ ಕಾಯಿಸಬೇಕು. ಕಪ್ಪಾದರೆ ಒಳ್ಳೆಯದೇ ಅಂತೆ, ಹೊಳಪು ಬರಿಸಲು ಹೋಗಬಾರದಂತೆ.

ಮನೆಯೆಲ್ಲ ಹೊಗೆ. ದೇವರ ಮುಂದಿನ ದೀಪ ಕಾಣಿಸಲಿಲ್ಲ. ಕೆಮ್ಮುತ್ತ ಕಿಟಕಿ ತೆಗೆಯಲು ಹೋದರೆ ಒಳಗಿನಿಂದ ಚಿನ್ಮಯಿ ನಗುವುದು ಕೇಳಿಸಿತು. ಇವರು ಏನೋ ಹೇಳಿರಬೇಕು.

ಅವಳ ಉಗುರಿನ ಸಂದಿಯ ಕಪ್ಪು ತೆಗೆಯುವುದೇ ನನಗೆ ದೊಡ್ಡ ಕೆಲಸವಾಯಿತು.

ಡಿಸೆಂಬರ್ 4

ಹೇಳಿದ್ದೆ. ಆಯಿತಲ್ಲ. ಒಂದು ಅಚ್ಚಿನ ಅಂಚು ಬಿಟ್ಟುಕೊಂಡಿತ್ತು, ಬೆರಳು ಸೀಳಿತು. ಅವಳು ಕೂಗಲೂ ಇಲ್ಲ. ರಕ್ತ ಸೋರುವುದನ್ನು ನೋಡಿ ಕೂಗಿದವಳು ನಾನು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿ ಬಂದೆವು. ಬಂದವಳೇ ಎಲ್ಲ ಅಚ್ಚುಗಳನ್ನೂ ಅಟ್ಟಕ್ಕೆ ಏರಿಸಿದೆ.

ಊಟಕ್ಕೆ ಕೂತಾಗ ಚಿನ್ಮಯಿ ನಾನಿಟ್ಟ ತುತ್ತಿಗೆ ಬಾಯಿ ತೆರೆಯಲಿಲ್ಲ.

"ಕೋಪ ಮಾಡಬ್ಯಾಡ, ನಿನ್ನ ಸಲುವಾಗೇ ಮಾಡೀನಿ."

"ನಾ ತಾಟಿನಿಂದ ತಿಂತೀನಿ. ಕೈ ನಂದು."

ಇವರು ಸ್ಟೂಲು ಹಾಕಿಕೊಂಡು ಅಚ್ಚುಗಳನ್ನು ಇಳಿಸಿದರು. ಇಳಿಯುವಾಗ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತರು. ಈ ವಯಸ್ಸಿನಲ್ಲಿ ಸ್ಟೂಲು ಹತ್ತುವವರಿಗೆ ಏನೆನ್ನಬೇಕು?

ಡಿಸೆಂಬರ್ 11

ಇಂದು ಬೆಣ್ಣೆ ಸವರುವ ಪಾಠ. ಟಾರ್ಟ್ ಎಂದರೆ ಮೈದಾ, ಬೆಣ್ಣೆಯ ಕಣಕದ ಬಟ್ಟಲು. ಅದಕ್ಕೆ ಮೊಟ್ಟೆ ಬೇಕಾಗಿಲ್ಲ ಎಂದು ಮಾಶಿಮಾ ಹೇಳಿದ ಮೇಲೆ ನಾನೂ ಒಲ್ಲದ ಮನಸ್ಸಿನಿಂದ ಕೂತೆ. ಕಣಕದಲ್ಲೇ ಬೆಣ್ಣೆ ಇರುವುದರಿಂದ ಅಚ್ಚಿಗೆ ಹೆಚ್ಚು ಹಚ್ಚಬಾರದು. ನಿರಿಗೆಯ ಸಂದಿಯಲ್ಲಿ ಬೆಣ್ಣೆ ನಿಂತರೆ ಅಂಚು ಬೇಯುವ ಬದಲು ಕರಿದಂತಾಗುತ್ತದೆ. ಹಚ್ಚದೆ ಬಿಟ್ಟರೆ ಅಂಟಿಕೊಂಡು ಒಡೆಯುತ್ತದೆ. ಬೆಣ್ಣೆಯ ಮೇಲೆ ಚಿಟಿಕೆ ಮೈದಾ ಉದುರಿಸಿ, ಅಚ್ಚನ್ನು ತಿರುಗಿಸಿ, ಬೋರಲು ಹಾಕಿ ತಟ್ಟಿ, ಉಳಿದದ್ದನ್ನು ಕೊಡವಬೇಕು. ಕಣಕ ಹಾಸುವ ತನಕ ಅಚ್ಚು ತಣ್ಣಗಿರಬೇಕು.

ಚಿನ್ಮಯಿ ಹೆಬ್ಬೆರಳನ್ನು ಅಂಚಿನ ಸುತ್ತ ಒಯ್ದು, ಆಮೇಲೆ ಕಿರುಬೆರಳಿನಿಂದ ಒಂದೊಂದೇ ನಿರಿಗೆಯ ಒಳಗೆ ಇಳಿದು ಹತ್ತುತ್ತಾಳೆ. ಕೊನೆಗೆ ತಳ. ನಾನು ಒಂದು ಮಾಡಿಟ್ಟೆ. ಅವಳು ಬೆರಳು ಹಾಕಿ, "ಇಲ್ಲೆ ಬಿಟ್ಟೀ ಅಮ್ಮ," ಎಂದಳು. ನೋಡಿದರೆ ಹೌದು. ನನಗೆ ಯಾಕೋ ಸಿಟ್ಟು ಬಂತು. ಕೂದಲು ಕಟ್ಟಲು ಬಾರದವಳು ನನಗೆ ತಪ್ಪು ಹೇಳುವುದೆ?

ಡಿಸೆಂಬರ್ 25, ಭಾನುವಾರ

ಮಾಶಿಮಾನ ಚರ್ಚಿನಲ್ಲಿ ಬೊಡೊದಿನ್. ಕ್ರಿಸ್‌ಮಸ್ಸನ್ನು ಇಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ. ನಮ್ಮ ಟಾರ್ಟುಗಳನ್ನು ಅಲ್ಲಿಗೆ ಕಳಿಸಿದ್ದೆವು. ಒಳಗೆ ತುಂಬಿದ್ದು ಮಾತ್ರ ನನ್ನದು: ಕಾಯಿತುರಿಗೆ ಇಲ್ಲಿನ ಚಳಿಗಾಲದ ಖರ್ಜೂರದ ಬೆಲ್ಲ ಹಾಕಿ, ಕಡುಬಿಗೆ ಮಾಡುವ ಹಾಗೆ ಹೂರಣ ಮಾಡಿದ್ದೆ. ಒಂದೂ ಉಳಿಯಲಿಲ್ಲವಂತೆ.

ಮಧ್ಯಾಹ್ನ ಚರ್ಚಿನ ಇಬ್ಬರು ಹೆಂಗಸರು ಮನೆಗೇ ಬಂದರು, ಯಾರು ಮಾಡಿದ್ದು ಎಂದು ಕೇಳಿಕೊಂಡು. ನಾನೇ ಎಂದೆ. ಒಳಕೋಣೆಯ ಬಾಗಿಲು ಮುಂದೆ ಮಾಡಿದ್ದೆ. ಬಂದವರೆಲ್ಲ ಒಳಗೆ ಹೋಗಿ ಅಯ್ಯೋ ಪಾಪ ಅನ್ನುವುದು ಯಾತಕ್ಕೆ? ಅವಳಿಗೆ ನೋವಾಗಬಾರದು ಎಂದೇ ನಾನು ಇಷ್ಟೆಲ್ಲ ನೋಡಿಕೊಳ್ಳುವುದು.

ಅವರು ಹೋದ ಮೇಲೆ ಚಿನ್ಮಯಿ ಅಚ್ಚುಗಳನ್ನು ತೊಳೆದು ಒರೆಸಿ ಇಟ್ಟಳು. ಮಾತಾಡಲಿಲ್ಲ. ದಣಿದಿರಬೇಕು.

ಜನವರಿ 16, 2006

ಬೆಹಾಲಾ ಕಡೆ ಕಣ್ಣಿಲ್ಲದವರಿಗೆ ತರಬೇತಿ ಕೊಡುವ ಒಂದು ಕೇಂದ್ರ ಇದೆಯಂತೆ. ಕೋಲು ಹಿಡಿದು ನಡೆಯುವುದು, ಬಸ್ಸು ಹತ್ತುವುದು, ಕಂಪ್ಯೂಟರ್ ಎಲ್ಲ ಕಲಿಸುತ್ತಾರಂತೆ. ಇವರು ನನಗೆ ಹೇಳದೆ ಹೋಗಿ ವಿಚಾರಿಸಿ ಬಂದಿದ್ದಾರೆ. ಚಿನ್ಮಯಿಯೂ ಹೂಂ ಅಂದಿದ್ದಾಳೆ. ಕೊನೆಗೆ ಗೊತ್ತಾಗಿದ್ದು ನನಗೆ.

"ಈ ಓಣ್ಯಾಗ ಜೀನ್ಸ್ ಹಾಕ್ಕೊಂಡು ಓಡ್ಯಾಡಿದ ಹುಡುಗಿ ಕೋಲು ಹಿಡದು ತಡವ್ಯಾಡ್ಲಿ ಅಂತೀರೇನು? ಎಲ್ಲಾರೂ ನಿಂತು ನೋಡ್ತಾರ."

"ನೋಡ್ಲಿ ಬಿಡ. ಆಕಿಗೇನೂ ಕಾಣಂಗಿಲ್ಲಲ್ಲ," ಎಂದರು ಇವರು. ತಮಾಷೆಗೆ ಅಂದದ್ದೋ, ನೋವಿಗೋ. ಆಮೇಲೆ ದನಿ ಇಳಿಸಿ, "ನಾವು ಎಷ್ಟ ದಿನ ಇರತೀವಿ, ರಾಜಿ?" ಎಂದರು.

ಸಂಕ್ರಾಂತಿ ಕಳೆದು ಎರಡು ದಿನವಾಗಿಲ್ಲ, ಕೆಟ್ಟ ಮಾತು ಯಾಕೆ ಎಂದು ಎದ್ದು ಬಂದೆ. ನಾನು ಒಪ್ಪಿಲ್ಲ. ಒಪ್ಪುವುದೂ ಇಲ್ಲ.

ಫೆಬ್ರವರಿ 4

ಇವರು ಹೋದರು.

ಫೆಬ್ರವರಿ 17

ಇವರ ದೊಡ್ಡಪ್ಪನ ಮಗ ಊರಿಂದ ಬಂದು ಕರ್ಮ ಮುಗಿಸಿಕೊಟ್ಟ. ನನ್ನ ತಮ್ಮ ಅಶ್ವತ್ಥನಾರಾಯಣ ಹುಬ್ಬಳ್ಳಿಯಿಂದ ಬಂದು ಇಲ್ಲೇ ಇದ್ದಾನೆ. ವೈಕುಂಠ ಸಮಾರಾಧನೆಯೂ ಆಯಿತು. ಉಳಿದವರು ಹೋದರು.

ಆ ಶನಿವಾರ ರಥಸಪ್ತಮಿ. ನಾನು ಹೂವು, ಹಣ್ಣು ತರಲು ಗಡಿಯಾಹಾಟಿನ ಮಾರುಕಟ್ಟೆಗೆ ಹೋಗಿದ್ದೆ. ಅಪ್ಪ ಮಗಳು ಅಡುಗೆಮನೆಯಲ್ಲಿ ಅಚ್ಚುಗಳಿಗೆ ಬೆಣ್ಣೆ ಸವರುತ್ತಿದ್ದರು, ಮಾಶಿಮಾನ ಗೆಳತಿಯ ಮನೆಯ ಸಮಾರಂಭಕ್ಕೆ ಟಾರ್ಟ್ ಬೇಕಾಗಿತ್ತು. ತಿರುಗಿ ಬರುವಷ್ಟರಲ್ಲಿ ಗೇಟಿನ ಹತ್ತಿರ ಜನ. ಪಾಡಾದ, ಅಂದರೆ ನಮ್ಮ ಓಣಿಯ, ಹುಡುಗರು ಇವರನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿಯಾಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಇವರು ಒರಗಿ ಬಿದ್ದ ಸದ್ದು ಕೇಳಿ ಚಿನ್ಮಯಿ ಎದೆ ತಡವಿ ನೋಡಿದ್ದಾಳೆ. ಬಾಗಿಲು ತೆರೆದಿಟ್ಟು, ಮೆಟ್ಟಿಲಿಳಿದು ಮಾಶಿಮಾನನ್ನು ಕರೆದಿದ್ದಾಳೆ, ಬೀದಿಗೆ ಕೇಳುವ ಹಾಗೆ ಕೂಗಿದ್ದಾಳೆ. "ಅವಳು ಮಾಡುವುದೆಲ್ಲ ಮಾಡಿದಳು ಬೌಮಾ," ಎಂದು ಮಾಶಿಮಾ ಹತ್ತು ಸಲ ಹೇಳಿದರು. ಆದರೆ ಡಾಕ್ಟರು ನನಗೆ ಹೇಳಿದ್ದು ಬೇರೆ. ಬೀಳುವುದಕ್ಕೆ ಬಹಳ ಮೊದಲೇ ನೋವು ಶುರುವಾಗಿರಬೇಕು, ಮೈಯೆಲ್ಲ ಬೆವರಿ ಮುಖ ಬಿಳಿಚಿಕೊಂಡಿರಬೇಕು ಎಂದರು. ಅಷ್ಟು ಹೊತ್ತು ಅವಳು ಎದುರಿಗೇ ಕೂತಿದ್ದಳು.

ಇವತ್ತು ಸಂಜೆ ನೆಂಟರೆಲ್ಲ ಹೋಗಿ ಮನೆ ಬರಿದಾದ ಮೇಲೆ ಅವಳು ಗೋಡೆ ಹಿಡಿದು ನನ್ನ ಹತ್ತಿರ ಬಂದು, "ಅಮ್ಮ, ನೀ ಊಟ ಮಾಡಿದಿ?" ಎಂದಳು.

"ನಿನಗ ಕಣ್ಣಿದ್ದಿದ್ದರ ಅವರು ಉಳೀತಿದ್ದರು," ಎಂದೆ.

ತಮ್ಮ ಬಾಗಿಲಲ್ಲಿ ನಿಂತಿದ್ದ. "ಅಕ್ಕಾ!" ಎಂದ. ಅವಳು ಬಂದ ಹಾಗೆ ಗೋಡೆ ಹಿಡಿದು ಹೋದಳು.

ಹೇಳಬಾರದಿತ್ತು ಅನ್ನಿಸುತ್ತದೆ. ಸುಳ್ಳು ಹೇಳಲಿಲ್ಲ ಅಂತಲೂ ಅನ್ನಿಸುತ್ತದೆ.

ಫೆಬ್ರವರಿ 25

ತಮ್ಮ ಊರಿಗೆ ಹೊರಟ. ಹೋಗುವ ಮುಂಚೆ ಮಾತು ತೆಗೆದ. "ಮನಿ ಬಾಡಿಗಿ ಕೊಟ್ಟು ಇಬ್ಬರೂ ಹುಬ್ಬಳ್ಳಿಗೆ ಬರ್ರಿ. ಮ್ಯಾಲಿನ ಖೋಲಿ ಖಾಲಿ ಅದ. ಈ ಊರಾಗ ಇಬ್ಬರ ಹೆಂಗಸರು, ಅದರಾಗ ಒಬ್ಬಾಕಿಗೆ ಕಣ್ಣಿಲ್ಲ. ಯುಗಾದಿ ಆದ ಮ್ಯಾಲೆ ನಾನ ಬಂದು ಕರಕೊಂಡು ಹೋಗ್ತೀನಿ." ನಾನು ಆಗಲಿ ಎಂದೆ. ಎಲ್ಲಿ ಇದ್ದರೇನು.

ಚಿನ್ಮಯಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ದಿನವೂ ಅಚ್ಚುಗಳನ್ನು ಇಳಿಸಿ ಬೆಣ್ಣೆ ಸವರುತ್ತಾಳೆ. ಏನನ್ನೂ ತುಂಬುವುದಿಲ್ಲ. ಸಂಜೆ ಎಲ್ಲ ಒರೆಸಿ ತೊಳೆದು ಓವನಿನಲ್ಲಿ ಒಣಗಿಸಿಡುತ್ತಾಳೆ. ಮರುದಿನ ಮತ್ತೆ ಅದೇ. ಮನೆಯೆಲ್ಲ ಬೆಣ್ಣೆಯ ಜಿಡ್ಡು ವಾಸನೆ. ನಿನ್ನೆ ತಡೆಯಲಾರದೆ ಒಂದನ್ನು ಕಸಿದು ಮೂಲೆಗೆ ಎಸೆದೆ. ಅವಳು ಸದ್ದು ನಿಲ್ಲುವವರೆಗೆ ಕಾದಳು. ಆಮೇಲೆ ಮಂಡಿಯೂರಿ ಹೋಗಿ, ಅದು ಎಲ್ಲಿ ಬಿದ್ದಿತ್ತೋ ಅಲ್ಲಿಗೇ ಕೈ ಹಾಕಿ, ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತುತ್ತ ಕೂತಳು.

ಮಾರ್ಚ್ 3

ಎದ್ದೆ. ಮತ್ತೆ ಮಲಗಿದೆ. ಮಂಚದ ಪಕ್ಕ ಚಹಾ ಇತ್ತು. ಸಕ್ಕರೆ ಕಡಿಮೆ.

ಮಾರ್ಚ್ 9

ಹಾಲಿನವನು, ಪೇಪರಿನವನು, ಗ್ಯಾಸಿನವನು ಎಲ್ಲ ಬಂದು ಹೋದರಂತೆ. ನನಗೆ ಬೆಲ್ಲು ಕೇಳಿಸಲಿಲ್ಲ. ಅನ್ನ ಸ್ವಲ್ಪ ಮುದ್ದೆಯಾಗಿತ್ತು. ಬಡಿಸಿದ ಮೇಲೆ ತಾಟನ್ನು ತೆಗೆದುಕೊಂಡು ಹೋದದ್ದು ಯಾವಾಗ ಎಂದು ಗೊತ್ತಾಗಲಿಲ್ಲ.

ಮಾರ್ಚ್ 16

ಪಾಡಾದಲ್ಲಿ ದೋಲ್ ಹಬ್ಬದ, ಅಂದರೆ ಇಲ್ಲಿನ ಹೋಳಿಯ, ಬಣ್ಣ ಇನ್ನೂ ಬೀದಿಯ ಮೇಲೆ ಇದೆ ಎಂದು ಮಾಶಿಮಾ ಹೇಳಿದರು. ನಾನು ಕಿಟಕಿ ತೆಗೆದಿಲ್ಲ.

ತಲೆ ಜಡೆಗಟ್ಟಿತ್ತು. ಚಿನ್ಮಯಿ ಬಂದು ಹಿಂದೆ ಕೂತು ಎಣ್ಣೆ ಹಚ್ಚಿ ಬಾಚಿದಳು. ಸಿಕ್ಕು ಬಿಡಿಸುವಾಗ ಬುಡ ಹಿಡಿದುಕೊಳ್ಳುತ್ತಾಳೆ, ನೋವಾಗುವುದಿಲ್ಲ. ಬೈತಲೆ ಸೊಟ್ಟ. ಬಾಚಿ ಮುಗಿಸಿ, ಡಾಕ್ಟರು ನನಗೆ ಬರೆದುಕೊಟ್ಟ ಮಾತ್ರೆ ಕೊಟ್ಟು ನೀರಿನ ಲೋಟವನ್ನು ನನ್ನ ಬೆರಳಿಗೆ ತಾಗಿಸಿ ಕೊಟ್ಟಳು.

ನನಗೇನಾದರೂ ಆದರೆ ಈ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಅದೊಂದೇ ಚಿಂತೆ.

ಮಾರ್ಚ್ 30, ಯುಗಾದಿ

ಹಬ್ಬವಿಲ್ಲ. ಬೇವು ಬೆಲ್ಲವನ್ನೂ ಮಾಡಲಿಲ್ಲ. ಬೆಳಿಗ್ಗೆ ತಮ್ಮನ ಫೋನು ಬಂತು. ಮುಂದಿನ ತಿಂಗಳ ಕೊನೆಗೆ ಟಿಕೀಟು ಮಾಡಿಸಿದ್ದಾನೆ. ಫೋನು ಇಟ್ಟ ಕೂಡಲೇ ಚಿನ್ಮಯಿ ಮಾತಾಡಿದಳು. ಆ ದಿನದ ನಂತರ ಇಷ್ಟುದ್ದ ಮಾತಾಡಿದ್ದು ಇದೇ ಮೊದಲು.

"ಅಮ್ಮ, ನಾ ಹುಬ್ಬಳ್ಳಿಗೆ ಬರಂಗಿಲ್ಲ."

"ಇಲ್ಲೆ ಒಬ್ಬಾಕಿ ಏನ ಮಾಡ್ತಿ?"

"ಈಗ ಏನ ಮಾಡ್ಲಿಕ್ಕತ್ತೀನಿ?"

"ಈಗ ನಾ ಇದ್ದೀನಲ್ಲ."

ಅವಳು ನನ್ನ ಮಂಚದ ಅಂಚಿಗೆ ಬಂದು ಕೂತಳು.

"ನೀ ಅಂದದ್ದು ಕರೆಕ್ಟ್ ಇರಬಹುದು. ನಂಗೊತ್ತಿಲ್ಲ. ಆದ್ರ ನನಗ ಏನೂ ತಿಳೀಲಿಲ್ಲ ಅಂತ ಅನ್ಕೋಬ್ಯಾಡ."

ನನ್ನ ಹೊದಿಕೆಯ ಅಂಚು ಮಡಚುತ್ತ ಮುಂದುವರಿಸಿದಳು.

"ಟಿನ್ ಕೊಡೋವಾಗ ಅಪ್ಪನ ಕೈ ನನ್ನ ಕೈಗೆ ಹತ್ತತಿತ್ತು. ತಣ್ಣಗ, ಒದ್ದಿ ಒದ್ದಿ. ಕೇಳಿದೆ, ಅಪ್ಪ, ಕೈ ಯಾಕ ಇಷ್ಟ ಠಂಡಾ ಅಂತ. ಬೆಣ್ಣಿ ಈಗ ಫ್ರಿಜ್‌ನಿಂದ ತಗದೀನಲ್ಲವಾ ಅಂದ್ರು. ಇನ್ನೊಮ್ಮೆ ಹತ್ತಿತು, ಇನ್ನೊಮ್ಮೆ ಕೇಳಿದೆ. ಪೇಸ್ಟ್ರಿ ಮಾಡೋರ ಕೈ ತಣ್ಣಗ ಇರಬೇಕು ಅಂತ ನಿಮ್ಮ ಮಾಶಿಮಾನೇ ಹೇಳ್ಯಾರಲ್ಲ, ನಾ ಈಗ ಪಕ್ಕಾ ಆದೆ ಅಂದ್ರು. ನಾ ನಕ್ಕೆ, ಅಮ್ಮ. ನಾ ನಂಬಿದೆ."

ಅವಳ ದನಿ ಅಲ್ಲಿಯವರೆಗೆ ಸರಿಯಾಗೇ ಇತ್ತು.

"ಆಮ್ಯಾಲೆ ಹೊಳೀತು. ಬೆಣ್ಣಿ ಹಿಡದ್ರ ಕೈ ಠಂಡಾ ಆಗ್ತದ. ಆದ್ರ ಕೈ ಬೆಚ್ಚಗ ಇದ್ರ ಬೆಣ್ಣಿ ಕರಗಬೇಕಲ್ಲ? ಅವರು ಕೊಟ್ಟ ಟಿನ್‌ನ್ಯಾಗ ಬೆಣ್ಣಿ ಗಟ್ಟಿನೇ ಇತ್ತು. ಗಂಟ ಗಂಟ. ಹಚ್ಚಲಿಕ್ಕೇ ಆಗಿರಲಿಲ್ಲ ಅವರಿಗೆ. ನಾನ ಮತ್ತ ಒರಸಿ ಹಚ್ಚಿದೆ. ಅವತ್ತಿಂದ ದಿನಾ ಹಚ್ಚಿ ನೋಡ್ತೀನಿ. ಎಷ್ಟೊತ್ತು ಹಿಡದ್ರ ಕರಗ್ತದ, ಎಷ್ಟೊತ್ತಿಗೆ ನನಗ ಗೊತ್ತಾಗಬೇಕಿತ್ತು ಅಂತ."

ನಾನು ಗೋಡೆ ನೋಡುತ್ತ ಕೂತೆ. ಅವಳು ಕಾದಳು. ಆಮೇಲೆ ಎದ್ದು ಹೋಗಿ ಅನ್ನಕ್ಕಿಟ್ಟಳು.

ಏಪ್ರಿಲ್ 6

ಅವಳು ಸ್ನಾನಕ್ಕೆ ಹೋದಾಗ ಅಡುಗೆಮನೆಗೆ ಹೋದೆ. ಫ್ರಿಜ್‌ನಿಂದ ಬೆಣ್ಣೆ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ನಿಂತೆ. ಕರಗಿತು. ಬೆರಳ ಸಂದಿಯಿಂದ ಮುಂಗೈಗೆ ಇಳಿಯಿತು. ಒರೆಸಿಕೊಂಡು ಬಂದು ಮಲಗಿದೆ.

ಏಪ್ರಿಲ್ 15, ಶನಿವಾರ

ಬಂಗಾಳಿಗಳ ಹೊಸ ವರ್ಷ. ನಾಳೆ ಮಾಶಿಮಾನ ಚರ್ಚಿನಲ್ಲಿ ಈಸ್ಟರ್. ಟಾರ್ಟ್ ಮಾಡಿಕೊಡುತ್ತೇನೆ ಎಂದು ಚಿನ್ಮಯಿ ನನ್ನನ್ನು ಕೇಳದೆ ಒಪ್ಪಿಕೊಂಡಿದ್ದಳು. ಹೂರಣ ನಾನೇ ಮಾಡಬೇಕೆಂದು ಎರಡು ಸಲ ಬಂದು ಎಬ್ಬಿಸಿದಳು. ಮಾಡಿದೆ. ಅಚ್ಚುಗಳಿಗೆ ಬೆಣ್ಣೆ ಸವರಿ, ಕಣಕ ಹಾಸಿ, ಹೂರಣ ತುಂಬಿ ಓವನಿಗೆ ಇಡಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಸಂಜೆವರೆಗೆ ಬರುವುದಿಲ್ಲವೆಂದು ಕೆಳಗಿನಿಂದ ಯಾರೋ ಕೂಗಿ ಹೇಳಿದರು. ಮನೆಯೊಳಗೆ ಸೆಕೆ. ಕಣಕ ಅಚ್ಚಿನಲ್ಲೇ ಮೆತ್ತಗಾಗಿ ಕುಸಿಯತೊಡಗಿತು.

"ಬಜಾರಿನ ಹಿಂದ ಬ್ರೆಡ್ ಬೇಕರಿ ಅದಲ್ಲ, ಕಟ್ಟಿಗಿ ಓವನ್‌ದು. ನಡಿ, ಒಯ್ಯೋಣು," ಎಂದಳು.

"ನಾ ಎಲ್ಲೂ ಬರಂಗಿಲ್ಲ."

"ಸರಿ. ಹಂಗಾದ್ರ ನಾ ಹೋಗ್ತೀನಿ."

ಚಪ್ಪಲಿ ಹುಡುಕಲು ಶುರುಮಾಡಿದಳು. ಬಿಟ್ಟರೆ ಹೊರಟೇ ಬಿಡುತ್ತಾಳೆ. ಬೇರೆ ದಾರಿ ಇಲ್ಲದೆ ನಾನೂ ಸೀರೆ ಸರಿಮಾಡಿಕೊಂಡೆ. ಇವರು ಹೋದ ಮೇಲೆ ನಾನು ಗೇಟು ದಾಟಿರಲಿಲ್ಲ. ತಟ್ಟೆಗಳಿಗೆ ಒದ್ದೆ ಬಟ್ಟೆ ಮುಚ್ಚಿ, ಸೈಕಲ್ ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆವು. ದೊಡ್ಡ ರಸ್ತೆಗೆ ರಿಕ್ಷಾ ಬಿಡುವುದಿಲ್ಲ. ಅಲ್ಲಿ ಇಳಿದು ನಡೆದು ದಾಟಬೇಕು.

ಎಷ್ಟೊಂದು ಗಾಡಿಗಳು! ಮಿನಿಬಸ್ಸು ಮೈಮೇಲೆ ಬಂದ ಹಾಗಾಯಿತು. ನಾನು ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟೆ. ಚಿನ್ಮಯಿ ತನ್ನ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ನನ್ನ ಮೊಣಕೈ ಹಿಡಿದಳು. ತಲೆ ಸ್ವಲ್ಪ ವಾರೆ ಮಾಡಿ ನಿಂತಳು.

"ತಡಿ. ಆಟೋ ಹೋಗಲಿ... ಈಗ ಎಲ್ಲಾ ನಿಂತಾವ. ನಡಿಯೋರ ಸಿಗ್ನಲ್ ಹಸಿರ ಅದ ಏನು?"

"ಹೂಂ."

"ನಡಿ."

ಹೀಗೆ ಅವಳನ್ನು ಜೋಪಾನವಾಗಿ ದಾಟಿಸಿದೆ. ನಾನು ಜೊತೆಗೆ ಬಂದದ್ದು ಒಳ್ಳೆಯದಾಯಿತು.

ಬೇಕರಿಯ ಯಜಮಾನ ಮೊದಲು ಆಗುವುದಿಲ್ಲವೆಂದ. ಚಿನ್ಮಯಿ ಅವನ ಜೊತೆ ಬಂಗಾಳಿಯಲ್ಲಿ ಅದೇನೋ ಮಾತಾಡಿ ಒಪ್ಪಿಸಿದಳು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಒಳಗಿನ ಬೆಂಕಿಯ ಕಾವು ಬೀದಿಯವರೆಗೂ ಬರುತ್ತಿತ್ತು. ಹೋಗುವವರು ಬರುವವರು ಅವಳ ಕಣ್ಣು ನೋಡುತ್ತಿದ್ದರು, ಆಮೇಲೆ ನನ್ನ ಬೋಳು ಹಣೆ ನೋಡುತ್ತಿದ್ದರು. ಮೊದಲಾದರೆ ನಾನು ಅವಳಿಗೆ ಮರೆಯಾಗಿ ಕೂರುತ್ತಿದ್ದೆ. ಇವತ್ತು ಅದು ನೆನಪಾಗಲಿಲ್ಲ. ಅವಳ ಕಡೆ ತಿರುಗಿ ಕೂತೆ.

"ಚಿನ್ನೂ, ಆ ಮಾತು ನಾ ಆಡಬಾರದಿತ್ತು. ಅವರು ಮುಚ್ಚಿಟ್ಟರ ನೀ ಏನ ಮಾಡ್ತಿ? ನಾ ಇದ್ದಿದ್ರೂ ಮುಚ್ಚೇ ಇಡತಿದ್ರು."

ಅವಳ ಮುಖ ಬೀದಿಯ ಕಡೆಗಿತ್ತು. ಅಳುತ್ತಿದ್ದಳು, ಒರೆಸಿಕೊಳ್ಳಲಿಲ್ಲ.

"ಅದು ಹೋಗಂಗಿಲ್ಲ, ಅಮ್ಮ," ಎಂದಳು. "ನೀ ಅಂದದ್ದು. ಕಿವಿಯಾಗ ಹಂಗ ಅದ."

"ಹೂಂ."

"ಆದ್ರೂ ಹೇಳಿದಿ. ಛಲೋ ಆತು."

ಒಳಗಿನಿಂದ ತಟ್ಟೆ ಬಂತು. ನಾನು ಎತ್ತಿಕೊಳ್ಳಲು ಹೋದೆ. ಬಿಸಿ ಅದ, ಕೈ ಹಚ್ಚಬ್ಯಾಡ ಎಂದು ನನ್ನನ್ನು ತಡೆದು, ಬಟ್ಟೆ ಮಡಚಿ ಹಿಡಿದು ಅವಳೇ ತೆಗೆದುಕೊಂಡಳು. ಕೆಲವು ಕುಸಿದಿದ್ದವು. ಕೆಲವು ಸುಟ್ಟಿದ್ದವು. ಉಳಿದವು ಅಚ್ಚಿನಿಂದ ಒಡೆಯದೆ ಬಿಟ್ಟುಕೊಂಡವು.

ಏಪ್ರಿಲ್ 23, ಭಾನುವಾರ

ತಮ್ಮ ನಮ್ಮನ್ನು ಕರೆದೊಯ್ಯಲು ಮೊನ್ನೆ ಬಂದ. ಚಿನ್ಮಯಿ ಬರುವುದಿಲ್ಲ ಎಂದಳು. ನಾನೂ ಹೇಳಿದೆ: "ಆಕೀನ್ನ ಬಿಟ್ಟು ನಾ ಹೆಂಗ ಬರಲಿ ಅಶ್ವತ್ಥ? ನಾ ಇಲ್ಲಂದ್ರ ಆಕಿ ಊಟಾ ಸೈತ ಮಾಡಂಗಿಲ್ಲ."

ಅವನು ಎರಡು ದಿನ ಮನೆಯಲ್ಲೇ ಕೂತು ನೋಡಿದ. ಚಿನ್ಮಯಿ ಅವನಿಗೆ ಚಹಾ ತಂದುಕೊಟ್ಟಳು. ನನ್ನ ಮಾತ್ರೆಯ ಹೊತ್ತಿಗೆ ನೀರು ತಂದಳು. ಊಟಕ್ಕೆ ಕೂತಾಗ ನಾನು ಬರೀ ಅನ್ನ ಕಲಸುತ್ತ ಕೂತಿದ್ದೆನಂತೆ. ಅವಳು ತಾಟಿನ ಸದ್ದು ಆಲಿಸಿ, "ಅಮ್ಮ, ಉಣ್ಣಲಿಕ್ಕತ್ತಿಲ್ಲ ನೀ," ಎಂದು ಸಾರು ಬಡಿಸಿ ತಾಟನ್ನು ನನ್ನ ಕಡೆ ಸರಿಸಿದಳು. ತಮ್ಮ ತುತ್ತು ಕೈಯಲ್ಲೇ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡಿದ.

ಕೈ ತೊಳೆದು ಬಂದು, "ಅಕ್ಕಾ, ನಿಮ್ಮ ಟಿಕೀಟು ಕ್ಯಾನ್ಸಲ್ ಮಾಡಸ್ತೀನಿ. ನೀ ಇಲ್ಲೇ ಇರು, ಆಕಿ ಹಂತ್ಯಾಕ," ಎಂದ. ಅವನಿಗೆ ಈಗಲಾದರೂ ಅರ್ಥವಾಯಿತು, ಮಗು ನನ್ನನ್ನು ಬಿಟ್ಟಿರಲಾರದು ಎಂದು. ಹೋಗುವಾಗ ಚಿನ್ಮಯಿಯ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದ.

ಬೆಹಾಲಾದ ಕೇಂದ್ರದಲ್ಲಿ ಜಾಗ ಖಾಲಿ ಇದೆಯಂತೆ. ಮಾಶಿಮಾ ಫೋನು ಮಾಡಿ ಕೇಳಿದರು. ನಾಳೆಯಿಂದಲೇ ಬರಬಹುದಂತೆ. ಕೋಲನ್ನು ಅವರೇ ಕೊಡುತ್ತಾರೆ. ಇವರು ಇದ್ದಾಗ ನಾನು ಬೇಡವೆಂದಿದ್ದೆ, ಈಗ ಆಗಲಿ ಎಂದಿದ್ದೇನೆ. ಆದರೆ ಮೊದಲ ದಿನ ಅವಳೊಬ್ಬಳನ್ನೇ ಕಳಿಸಲು ಆಗುತ್ತದೆಯೆ? ನಾನು ಬಂದೇ ಬರುತ್ತೇನೆ ಎಂದು ಹೇಳಿದೆ.

ಚಿನ್ಮಯಿ ನನ್ನ ಸೀರೆ ಮಡಚಿಡುತ್ತಿದ್ದಳು.

"ಬಾ," ಎಂದಳು. "ಗೇಟಿನ ಹತ್ರ ನೆರಳು ಇರತದಂತ, ಅಲ್ಲೆ ಕೂಡು. ಎಲ್ಲೂ ಎದ್ದು ಹೋಗಬ್ಯಾಡ, ಹೆದರಲೂ ಬ್ಯಾಡ. ಕ್ಲಾಸ್ ಮುಗಿದ ಕೂಡಲೇ ನಾ ಬಂದು ನಿನ್ನ ಮನಿಗೆ ಕರಕೊಂಡು ಬರತೀನಿ."

ಹೂಂ ಎಂದೆ.